ರಿಸರ್ಚ್ ಲ್ಯಾಬ್ ತಗೊಳ್ಳೋದಾ, ಬೇಡ್ವಾ: ಹುಳು ಸಾಕುವ ಮನೆಯ ನಾನು ತೀರ್ಮಾನ ಮಾಡಿದ ಬಗೆ

ನಮ್ಮ ಕಾಲೇಜಿನಲ್ಲಿ ಬಿ.ಎಸ್ಸಿ ಕೊನೆಯ ವರ್ಷ ಒಂದು ಪೇಪರನ್ನು ನಾವೇ ಆರಿಸಿಕೊಳ್ಳಬೇಕಿತ್ತು. ಒಂದು, ಆಹಾರದಲ್ಲಿರುವ ಸೂಕ್ಷ್ಮಜೀವಿಗಳ ಬಗ್ಗೆ ಥಿಯರಿ ಪೇಪರ್. ಅದಕ್ಕೆ ಸೀನಿಯರ್‌ಗಳ ನೋಟ್ಸ್ ಇತ್ತು, ಹಳೇ ಪ್ರಶ್ನೆಪತ್ರಿಕೆಗಳಿದ್ದವು. ಓದಿದರೆ ಮಾರ್ಕ್ಸ್ ಬಂದೇ ಬರುತ್ತದೆ. ಇನ್ನೊಂದು ರಿಸರ್ಚ್ ಲ್ಯಾಬ್. ಅದಕ್ಕೆ ನೋಟ್ಸೂ ಇಲ್ಲ, ಪ್ರಶ್ನೆಪತ್ರಿಕೆಯೂ ಇಲ್ಲ. ವರ್ಷಕ್ಕೊಂದು ಹೊಸ ಪ್ರಶ್ನೆ ಇಟ್ಟುಕೊಂಡು ಕೆಲಸ ಮಾಡಬೇಕು. ಅದರ ಉತ್ತರ ಪಾಠ ಮಾಡುವ ಮೇಡಂಗೂ ಗೊತ್ತಿರುವುದಿಲ್ಲ. "ಆ ಲ್ಯಾಬ್ ತಗೊಂಡ್ರೆ ಜೀವ ಹಿಂಡುತ್ತೆ" ಅಂತ ಡಿಪಾರ್ಟ್‌ಮೆಂಟ್ ತುಂಬಾ ಮಾತಿತ್ತು.

ನಾನು ಅದನ್ನೇ ತೆಗೆದುಕೊಂಡೆ. ಈಗ ಎಂ.ಎಸ್ಸಿ ಮುಗಿಸಿ ಚಿಕ್ಕಬಳ್ಳಾಪುರದಲ್ಲೇ ಒಂದು ಕಾಲೇಜಿನ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆಯ ಮಕ್ಕಳು ಪ್ರತಿ ವರ್ಷ ಬಂದು "ಅಕ್ಕಾ, ತಗೊಳ್ಳೋದಾ, ಬೇಡ್ವಾ?" ಅಂತ ಕೇಳುತ್ತಾರೆ. ಜೊತೆಗೆ "ತುಂಬಾ ಕಷ್ಟನಾ?" ಅಂತಲೂ ಕೇಳುತ್ತಾರೆ. ಕಷ್ಟವೇ. ಆದರೆ ಅದನ್ನು ತಿಳಿದುಕೊಂಡರೆ ತೀರ್ಮಾನಕ್ಕೆ ಏನೂ ಸಹಾಯವಾಗುವುದಿಲ್ಲ. ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು ಕೇಳುತ್ತದೆ, ಆ ಹೊತ್ತನ್ನು ನಿಮ್ಮ ಮನೆಯಲ್ಲಿ ಯಾರು ಬಿಟ್ಟುಕೊಡಬೇಕಾಗುತ್ತದೆ ಅನ್ನುವುದನ್ನು ನೋಡಬೇಕು. ನಾನು ಹಾಗೆ ನೋಡಿದ್ದರಿಂದಲೇ ಕೊನೆಯವರೆಗೂ ನಿಭಾಯಿಸಲು ಆಯಿತು.

ಮಾಮೂಲಿ ಪ್ರಾಕ್ಟಿಕಲ್ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಎರಡು ಗಂಟೆಗೆ ಶುರು, ನಾಲ್ಕೂವರೆಗೆ ಮುಗಿಯಿತು. ಮೀಡಿಯಾ (ಬ್ಯಾಕ್ಟೀರಿಯಾ ಬೆಳೆಸಲು ಬೇಕಾದ ಆಹಾರ) ರೆಡಿ ಇರುತ್ತದೆ, ಕಲ್ಚರ್ (ಬೆಳೆಸಿಟ್ಟ ಬ್ಯಾಕ್ಟೀರಿಯಾ) ರೆಡಿ ಇರುತ್ತದೆ, ಏನು ಬರಬೇಕು ಅನ್ನುವುದು ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ. ಬರದಿದ್ದರೆ ಪಕ್ಕದವರದ್ದು ನೋಡಿ ರೆಕಾರ್ಡ್ ಬರೆಯುತ್ತೇವೆ. ರಿಸರ್ಚ್ ಲ್ಯಾಬ್‌ನಲ್ಲಿ ಪಕ್ಕದವರ ಪ್ಲೇಟು, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಮುಚ್ಚಳದ ತಟ್ಟೆ, ನಮ್ಮ ಕೆಲಸಕ್ಕೆ ಬರುವುದಿಲ್ಲ. ಅವರ ಸ್ಯಾಂಪಲ್ ಬೇರೆ, ನಮ್ಮದು ಬೇರೆ. ಮೀಡಿಯಾ ನಾವೇ ಮಾಡಬೇಕು, ಆಟೋಕ್ಲೇವ್ (ಒತ್ತಡದ ಆವಿಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಯಂತ್ರ) ನಾವೇ ಹಾಕಬೇಕು, ಗಾಜಿನ ಸಾಮಾನು ನಾವೇ ತೊಳೆಯಬೇಕು. ಆಟೋಕ್ಲೇವ್ ಅಂದರೆ 121 ಡಿಗ್ರಿ, 15 ಪೌಂಡ್ ಒತ್ತಡ, 15 ನಿಮಿಷ ಅಂತ ಪುಸ್ತಕದಲ್ಲಿ ಓದುತ್ತೇವೆ. ಆ 15 ನಿಮಿಷದ ಹಿಂದೆ ಬಿಸಿಯಾಗುವ ಹೊತ್ತು, ಮುಂದೆ ತಣ್ಣಗಾಗುವ ಹೊತ್ತು ಸೇರಿದರೆ ಒಂದೂವರೆ ಗಂಟೆ ಹೋಗುತ್ತದೆ. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ.

ಇನ್ನೊಂದು ವಿಷಯವನ್ನು ಟೈಮ್‌ಟೇಬಲ್ ಹೇಳುವುದಿಲ್ಲ. ಪ್ಲೇಟಿಗೆ ಹಾಕಿದ ಬ್ಯಾಕ್ಟೀರಿಯಾವನ್ನು 24 ಗಂಟೆ ಬಿಟ್ಟು ನೋಡಬೇಕು, ಕೆಲವನ್ನು 48 ಗಂಟೆಗೂ ನೋಡಬೇಕು. ಶನಿವಾರ ಹಾಕಿದರೆ ಭಾನುವಾರ ನೋಡಲೇಬೇಕು. ಹಾಗೇ ಬಿಟ್ಟರೆ ಕಾಲೊನಿಗಳು (ಬ್ಯಾಕ್ಟೀರಿಯಾ ಬೆಳೆದು ಕಾಣುವ ಚುಕ್ಕೆಗಳು) ಒಂದಕ್ಕೊಂದು ಸೇರಿಕೊಂಡು ಎಣಿಸಲು ಬರುವುದಿಲ್ಲ. ಟೈಮ್‌ಟೇಬಲ್‌ನಲ್ಲಿ ವಾರಕ್ಕೆ ನಾಲ್ಕು ಗಂಟೆ ಅಂತ ಬರೆದಿದ್ದರೂ ಅದು ನಾಲ್ಕು ಗಂಟೆಯ ಕೆಲಸ ಅಲ್ಲವೇ ಅಲ್ಲ.

ನಮ್ಮ ಮನೆ ಶಿಡ್ಲಘಟ್ಟ ತಾಲ್ಲೂಕಿನಲ್ಲಿ. ರೇಷ್ಮೆ ಹುಳು ಸಾಕುತ್ತೇವೆ. ವರ್ಷಕ್ಕೆ ಐದಾರು ಬೆಳೆ ಮಾಡುತ್ತೇವೆ. ಈ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಮೊಟ್ಟೆ ಒಡೆದ ದಿನದಿಂದ ಹುಳು ಹಣ್ಣಾಗುವವರೆಗೆ, ಅಂದರೆ ಗೂಡು ಕಟ್ಟಲು ತಯಾರಾಗುವವರೆಗೆ, ಸುಮಾರು 25 ದಿನ. ಅದರಲ್ಲಿ ನಾಲ್ಕು ಜ್ವರ, ಅಂದರೆ ಹುಳು ತಿನ್ನದೆ ಸುಮ್ಮನಿದ್ದು ಚರ್ಮ ಕಳಚುವ ಹೊತ್ತು. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಹುಳು ತಿನ್ನುವ ಹಿಪ್ಪುನೇರಳೆ ಸೊಪ್ಪು, ಇಡೀ ಬೆಳೆಯ ಸೊಪ್ಪಿನಲ್ಲಿ ಶೇ. 80ಕ್ಕೂ ಜಾಸ್ತಿ. ಆ ವಾರ ಮನೆಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಬೆಳಗಿನ ಜಾವ ತೋಟಕ್ಕೆ ಹೋಗಿ ಸೊಪ್ಪು ಕಡಿಯಬೇಕು, ಹೊತ್ತು ಹೊತ್ತಿಗೆ ಹಾಕಬೇಕು, ಆಮೇಲೆ ಹಣ್ಣು ಹುಳು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಹಣ್ಣು ಹುಳು ಕಾಯುವುದಿಲ್ಲ. ಆ ದಿನ ಕಾಲೇಜಿಗೆ ಹೋದರೆ ಆ ಕೆಲಸ ಅಮ್ಮನ ತಲೆಗೆ ಬೀಳುತ್ತದೆ, ಇಲ್ಲವೇ ಕೂಲಿಗೆ ಜನ ಕರೆಯಬೇಕು.

ಅಂದರೆ ನನ್ನ ಮುಂದೆ ಕಾಯದ ಜೀವಿಗಳು ಎರಡಿದ್ದವು. ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ, ಮನೆಯಲ್ಲಿ ಹುಳು. ಎರಡೂ ಒಂದೇ ವಾರ ಬಂದರೆ ಎರಡೂ ಕೆಡುತ್ತವೆ.

ಆ ವರ್ಷದ ಪ್ರಶ್ನೆ ಕೇಳಿದಾಗ ಮಾತ್ರ ಎದೆ ಝಲ್ ಅಂದಿತು. ಸಪ್ಪೆ ರೋಗ ಬಂದ ರೇಷ್ಮೆ ಹುಳುವಿನ ಹೊಟ್ಟೆಯಲ್ಲಿ ಯಾವ ಯಾವ ಬ್ಯಾಕ್ಟೀರಿಯಾ ಇರುತ್ತವೆ, ಚೆನ್ನಾಗಿರುವ ಹುಳುವಿನಲ್ಲಿ ಯಾವುವು ಇರುತ್ತವೆ, ವ್ಯತ್ಯಾಸ ಏನು? ಇದು ಮೇಡಂ ಇಟ್ಟ ಪ್ರಶ್ನೆ. ಸಪ್ಪೆ ರೋಗ ಅಂದರೆ ನಮ್ಮ ಮನೆಯಲ್ಲಿ ಬಾಯಿ ಬಿಟ್ಟು ಹೇಳಲು ಹೆದರುವ ಮಾತು. ಹುಳು ಸೊಪ್ಪು ತಿನ್ನುವುದು ಬಿಡುತ್ತದೆ, ಮೆತ್ತಗಾಗುತ್ತದೆ, ವಾಂತಿ ಭೇದಿ ಮಾಡುತ್ತದೆ, ಸತ್ತ ಮೇಲೆ ಕಪ್ಪಾಗಿ ನಾರುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೆಳೆ ಪೂರ್ತಿ ಹೀಗೆ ಹೋಗಿತ್ತು. ಸೊಪ್ಪಿಗೆ, ಕೂಲಿಗೆ ಹಾಕಿದ ದುಡ್ಡೆಲ್ಲ ಗುಂಡಿಗೆ ಹೋಯಿತು. ಅದನ್ನು ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ ಮುಚ್ಚುವಾಗ ಅಪ್ಪ ಒಂದು ಮಾತೂ ಆಡಲಿಲ್ಲ.

ಆದ್ದರಿಂದ ಆ ಪ್ರಶ್ನೆ ನನಗೆ ಪುಸ್ತಕದ ಪ್ರಶ್ನೆ ಆಗಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ತೀರ್ಮಾನದಲ್ಲಿ ಇದಕ್ಕೆ ತೂಕ ಜಾಸ್ತಿ. ತಿಂಗಳುಗಟ್ಟಲೆ ಪ್ಲೇಟಿನಲ್ಲಿ ಏನೂ ಬರದಿದ್ದಾಗಲೂ ಲ್ಯಾಬ್‌ಗೆ ಹೋಗಬೇಕು ಅನ್ನಿಸಬೇಕಾದರೆ ಆ ಪ್ರಶ್ನೆ ನಿಮ್ಮದು ಅನ್ನಿಸಬೇಕು. ಮಾರ್ಕ್ಸ್ ಆಸೆ ಅಲ್ಲಿಯವರೆಗೆ ಎಳೆದುಕೊಂಡು ಹೋಗುವುದಿಲ್ಲ.

ಮೇಡಂ ಪರಿಚಯದ ಕ್ಲಾಸಿನಲ್ಲಿ ಎರಡು ಕಥೆ ಹೇಳಿದರು. ಒಂದು ನಮ್ಮ ಹುಳುವಿನದ್ದೇ. 1901ರಲ್ಲಿ ಜಪಾನಿನ ಇಶಿವಾತಾ ಶಿಗೆತಾನೆ ಎಂಬ ವಿಜ್ಞಾನಿ, ರೇಷ್ಮೆ ಹುಳು ದಿಢೀರಂತ ಸಾಯುವ ಒಂದು ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಮುಂದೆ ಜರ್ಮನಿಯಲ್ಲಿ ಅದೇ ಜೀವಿ ಹಿಟ್ಟಿನ ಪತಂಗದಲ್ಲಿ ಸಿಕ್ಕಿತು. ಅದು ಸಿಕ್ಕಿದ ಥುರಿಂಗಿಯಾ ಪ್ರಾಂತ್ಯದಿಂದ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಅಂತ ಹೆಸರಾಯಿತು. ಬಿಟಿ ಹತ್ತಿ ಅನ್ನುವಾಗಿನ ಬಿಟಿ ಅದೇ. ಹತ್ತಿಯ ಕಾಯಿಕೊರಕಕ್ಕೆ ಇವತ್ತು ಬಳಸುವ ವಿಷದ ಸುಳಿವು ಮೊದಲು ಸಿಕ್ಕಿದ್ದು ಸತ್ತ ರೇಷ್ಮೆ ಹುಳುವಿನಲ್ಲಿ.

ಇನ್ನೊಂದು ಕಥೆ ವಿದ್ಯಾರ್ಥಿಗಳದ್ದು. ಅಮೆರಿಕದ ಹೋವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆ 2008ರಿಂದ ಒಂದು ಕೋರ್ಸ್ ನಡೆಸಿಕೊಂಡು ಬಂದಿದೆ. ಪದವಿಯ ಮೊದಲ ವರ್ಷದ ಮಕ್ಕಳೇ ಮಣ್ಣು ತಂದು ಅದರಿಂದ ಬ್ಯಾಕ್ಟೀರಿಯಾ ತಿನ್ನುವ ವೈರಸ್ ಹುಡುಕುತ್ತಾರೆ. ಸಿಕ್ಕಿದ್ದಕ್ಕೆ ಅವರೇ ಹೆಸರಿಡುತ್ತಾರೆ. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಇಂಥದ್ದೇ ಕೋರ್ಸಿನಲ್ಲಿದ್ದ ಒಬ್ಬ ವಿದ್ಯಾರ್ಥಿನಿಗೆ 2010ರಲ್ಲಿ ಕೊಳೆತ ಬದನೆಕಾಯಿಯಿಂದ ಒಂದು ವೈರಸ್ ಸಿಕ್ಕಿತು. ಅದಕ್ಕೆ ಮಡ್ಡಿ ಅಂತ ಹೆಸರಿಟ್ಟರು. ವರ್ಷಗಳ ನಂತರ ಲಂಡನ್ನಿನಲ್ಲಿ ಯಾವ ಆಂಟಿಬಯಾಟಿಕ್‌ಗೂ ಬಗ್ಗದ ಸೋಂಕಿನಿಂದ ನರಳುತ್ತಿದ್ದ ಹುಡುಗಿಗೆ ಕೊಟ್ಟ ಮೂರು ವೈರಸ್‌ಗಳಲ್ಲಿ ಅದೂ ಒಂದು. ಆಗ ಹುಡುಗಿ ಬಹಳಷ್ಟು ಚೇತರಿಸಿಕೊಂಡಳು. 2019ರಲ್ಲಿ ಅದರ ವರದಿ ಪ್ರಕಟವಾಯಿತು.

ಈ ಕಥೆಗಳು ನನಗೆ ಈಗಲೂ ಇಷ್ಟ. ಆದರೆ ಇವನ್ನು ಕೇಳಿದ ದಿನವೇ ಫಾರ್ಮ್ ತುಂಬಬೇಡಿ ಅಂತ ಮಕ್ಕಳಿಗೆ ಹೇಳುತ್ತೇನೆ. ಅಂಥ ಕೋರ್ಸುಗಳಲ್ಲಿ ಸಿಕ್ಕಿದ ಸಾವಿರಾರು ವೈರಸ್‌ಗಳು ಫ್ರೀಜರಿನಲ್ಲಿ ಹಾಗೇ ಇವೆ. ಅದರಿಂದ ಅವು ವ್ಯರ್ಥ ಅಂತಲ್ಲ. ಮಡ್ಡಿಯೂ ವರ್ಷಗಟ್ಟಲೆ ಹಾಗೇ ಇತ್ತು. ಆದರೆ ನಿಮ್ಮ ಒಂದು ವರ್ಷದಲ್ಲಿ ಅಂಥದ್ದು ಆಗುತ್ತದೆ ಅಂದುಕೊಂಡು ಸೇರಿದರೆ ಮೊದಲ ಖಾಲಿ ಪ್ಲೇಟಿಗೇ ಮನಸ್ಸು ಮುರಿಯುತ್ತದೆ.

ಅದಕ್ಕೇ ನಾನು ಕಥೆ ಬಿಟ್ಟು ಲ್ಯಾಬನ್ನೇ ನೋಡಲು ಹೋದೆ. ಮೇಡಂ ಹತ್ತಿರ ಹೋಗಿ, "ಮೇಡಂ, ಸೀನಿಯರ್ಸ್ ಕೆಲಸ ಮಾಡುವಾಗ ಸುಮ್ನೆ ಕೂತು ನೋಡ್ಲಾ?" ಅಂತ ಕೇಳಿದೆ. "ಬಾಮ್ಮಾ, ಕೂತ್ಕೋ. ಆದ್ರೆ ಸುಮ್ನೆ ಕೂರಕ್ಕೆ ಬಿಡಲ್ಲ, ಗ್ಲಾಸ್‌ವೇರ್ ತೊಳೀಬೇಕು" ಅಂದರು. ಕೆಲವು ಶನಿವಾರ ಹೋಗಿ ತೊಳೆದೆ. ಅಲ್ಲಿ ನಾನು ಮುಖ್ಯವಾಗಿ ನೋಡಿದ್ದು ಒಂದೇ. ಪ್ಲೇಟ್ ಕೆಟ್ಟಾಗ ಮೇಡಂ ಏನು ಮಾಡುತ್ತಾರೆ?

ಆಗ ಮಳೆಗಾಲ. ಒಬ್ಬ ಸೀನಿಯರ್ ಅಕ್ಕನ ಪ್ಲೇಟುಗಳ ತುಂಬಾ ಬೂಸ್ಟು ಬಂದಿತ್ತು. ಅವರು ಅಳುವ ಹಾಗಿದ್ದರು. ಮೇಡಂ ಬೈಯಲಿಲ್ಲ. "ಖಾಲಿ ಪ್ಲೇಟ್ ಒಂದನ್ನ ಪಕ್ಕದಲ್ಲಿ ತೆರೆದಿಟ್ಟಿದ್ಯಾ? ಅದರಲ್ಲೂ ಬಂದಿದ್ಯಾ?" ಅಂತ ಕೇಳಿದರು. ಅದರಲ್ಲೂ ಬಂದಿತ್ತು. ಹಾಗಾದರೆ ತಪ್ಪು ಸ್ಯಾಂಪಲ್‌ನದ್ದಲ್ಲ, ಗಾಳಿಯದ್ದು. ಇಬ್ಬರೂ ಕೂತು ಲ್ಯಾಮಿನಾರ್‌ನ (ಶೋಧಿಸಿದ ಗಾಳಿಯಲ್ಲಿ ಕೆಲಸ ಮಾಡುವ ಪೆಟ್ಟಿಗೆಯ) ಫಿಲ್ಟರ್, ಕಿಟಕಿ, ಫ್ಯಾನು ಎಲ್ಲಾ ನೋಡಿದರು. ನೋಟ್‌ಬುಕ್ಕಿನಲ್ಲಿ ಅದನ್ನೆಲ್ಲ ಬರೆಸಿದರು. ಕೆಟ್ಟ ಪ್ಲೇಟಿನ ಫೋಟೊವನ್ನೂ ಅಂಟಿಸಲು ಹೇಳಿದರು. ಅದನ್ನು ನೋಡಿದ ಮೇಲೆ ನನಗೆ ಧೈರ್ಯ ಬಂತು. ಫಲಿತಾಂಶಕ್ಕೆ ಮಾರ್ಕ್ಸ್ ಕೊಡುವವರ ಕೈಯಲ್ಲಿ ಇಂಥ ಕೋರ್ಸ್ ಮಾಡಬಾರದು. ಕೆಲಸ ಮಾಡಿದ ರೀತಿಗೆ, ಬರೆದಿಟ್ಟ ರೀತಿಗೆ ಮಾರ್ಕ್ಸ್ ಕೊಡುವವರಾದರೆ ಮಾಡಬಹುದು. ಇದು ಸಿಲಬಸ್ ಓದಿದರೆ ತಿಳಿಯುವುದಿಲ್ಲ. ಹೋಗಿ ಕೂತರೆ ಮಾತ್ರ ತಿಳಿಯುತ್ತದೆ.

ಆಮೇಲೆ ಕ್ಯಾಲೆಂಡರ್ ಹಿಡಿದೆ. ಅಂಗಡಿಯವರು ಕೊಟ್ಟಿದ್ದ ದೊಡ್ಡ ಕ್ಯಾಲೆಂಡರ್ ಗೋಡೆಯಿಂದ ಇಳಿಸಿ, ಇಂಟರ್ನಲ್ಸ್ ಯಾವಾಗ, ಸೆಮಿಸ್ಟರ್ ಪರೀಕ್ಷೆ ಯಾವಾಗ ಅಂತ ಗುರುತು ಹಾಕಿದೆ. ಅಪ್ಪನನ್ನು ಕೂರಿಸಿಕೊಂಡು ಮುಂದಿನ ಬೆಳೆಗಳು ಯಾವಾಗ ಅಂತ ಕೇಳಿದೆ. ನಾವು ಚಾಕಿ ಹುಳು, ಅಂದರೆ ಮರಿ ಹುಳು ತರುತ್ತೇವೆ. ಎರಡನೇ ಜ್ವರದವರೆಗೆ ಚಾಕಿ ಕೇಂದ್ರದವರೇ ಸಾಕಿ ಕೊಡುತ್ತಾರೆ. ಹಾಗಾಗಿ ಯಾವತ್ತು ತರಬೇಕು ಅನ್ನುವುದನ್ನು ಸೊಪ್ಪು ನೋಡಿಕೊಂಡು ಒಂದು ವಾರ ಆಚೆ ಈಚೆ ಮಾಡಬಹುದು. ಕೊನೇ ಜ್ವರದ ವಾರ ಎಲ್ಲಿ ಬೀಳುತ್ತದೆ ಅಂತ ಗುರುತು ಹಾಕಿದೆವು. ಎರಡು ಕಡೆ ಲ್ಯಾಬ್‌ನ ಭಾರಿ ಕೆಲಸದ ಜೊತೆ ಡಿಕ್ಕಿ ಹೊಡೆಯುತ್ತಿತ್ತು. ಒಂದನ್ನು ಅಪ್ಪ ಹುಳು ತಡವಾಗಿ ತಂದು ಸರಿಮಾಡಿದರು. ಇನ್ನೊಂದಕ್ಕೆ ನಾನು ಮೇಡಂ ಹತ್ತಿರ ಮೊದಲೇ ಹೋಗಿ ಹೇಳಿದೆ. "ಆ ವಾರ ಹೊಸ ಪ್ಲೇಟ್ ಹಾಕ್ಬೇಡ. ಇರೋ ಕಲ್ಚರ್‌ನ ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿಡು. ಒಂದು ವಾರಕ್ಕೆ ಏನೂ ಆಗಲ್ಲ" ಅಂದರು.

ಇದನ್ನು ಮೊದಲೇ ಹೇಳಿದ್ದರಿಂದ ಇಷ್ಟು ಸುಲಭವಾಯಿತು. ಸೆಮಿಸ್ಟರಿನ ನಡುವೆ "ಮೇಡಂ, ಮನೇಲಿ ಹುಳು ಹಣ್ಣಾಗಿದೆ" ಅಂತ ಹೋಗಿ ನಿಂತಿದ್ದರೆ ಅವರಿಗೂ ಕಷ್ಟ, ನನಗೂ ಕಷ್ಟ.

ಎಲ್ಲಕ್ಕಿಂತ ದೊಡ್ಡ ಅಡ್ಡಿ ಮನೆಯಿಂದ ಬಂತು. ಅದು ಸರಿಯಾದ ಅಡ್ಡಿಯೇ ಆಗಿತ್ತು. ಪ್ರಶ್ನೆ ಏನು ಅಂತ ಹೇಳಿದ ಕೂಡಲೇ ಅಪ್ಪ ಕೇಳಿದರು: "ಸಪ್ಪೆ ಹುಳ ಕೈಯಲ್ಲಿ ಹಿಸುಕಿ, ಸಂಜೆ ಬಂದು ನಮ್ಮ ಹುಳು ಮನೆಗೆ ಕಾಲಿಡ್ತೀಯಾ?" ಅಜ್ಜಿಯಂತೂ "ಬೇರೆ ಏನೂ ಸಿಗಲಿಲ್ವಾ ಇವಳಿಗೆ ಓದೋಕೆ" ಅಂತ ರಂಪ ಮಾಡಿದರು.

ಹುಳು ಸಾಕುವವರಿಗೆ ಈ ಭಯ ಸುಮ್ಮನೆ ಬಂದದ್ದಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ರೋಗ ಹೋಗುವುದು ಚಪ್ಪಲಿ, ಕೈ, ಬುಟ್ಟಿಗಳ ಮೂಲಕವೇ. ಅದಕ್ಕೇ ಹೊರಗಿನವರನ್ನು ಹುಳು ಮನೆಯ ಒಳಗೆ ಬಿಡುವುದಿಲ್ಲ, ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿರುತ್ತೇವೆ. ನಾನು ಮೇಡಂಗೆ ಇದನ್ನು ಹೇಳಿದೆ. ಅವರು ನಗಲಿಲ್ಲ. "ನಿಮ್ಮಪ್ಪ ಕೇಳಿದ್ದು ಸರಿಯಾದ ಪ್ರಶ್ನೆ ಕಣಮ್ಮಾ" ಅಂದರು. ಆಮೇಲೆ ವಿವರವಾಗಿ ಹೇಳಿದರು. ಲ್ಯಾಬ್‌ನಲ್ಲಿ ಎಲ್ಲದಕ್ಕೂ ಶೇ. 70ರ ಆಲ್ಕೋಹಾಲ್ ಒರೆಸುತ್ತೇವೆ. ಅದು ಮಾಮೂಲಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಆದರೆ ಬ್ಯಾಸಿಲಸ್ ಜಾತಿಯವು ಸ್ಪೋರ್ ಕಟ್ಟಿಕೊಳ್ಳುತ್ತವೆ. ಗಟ್ಟಿ ಸಿಪ್ಪೆಯ ಆ ಬೀಜಕಣಕ್ಕೆ ಆಲ್ಕೋಹಾಲ್ ನಾಟುವುದಿಲ್ಲ. ಆಟೋಕ್ಲೇವ್‌ನಲ್ಲಿ ಹಾಕಿದರೆ ಪೂರ್ತಿ ಸಾಯುತ್ತದೆ. ಕೈಗೆ ಸ್ಯಾನಿಟೈಜರ್ ಹಚ್ಚಿಕೊಂಡು ಮನೆಗೆ ಹೋದರೆ ಸಾಲದು. ಸೋಪು ಹಾಕಿ ಉಜ್ಜಿ ತೊಳೆದು ಅದನ್ನು ಇಳಿಸಬೇಕು.

ಕೊನೆಗೆ ಅಪ್ಪ, ಮೇಡಂ, ನಾನು ಸೇರಿ ಒಂದಷ್ಟು ನಿಯಮ ಮಾಡಿಕೊಂಡೆವು. ಲ್ಯಾಬ್ ಕೋಟು, ಲ್ಯಾಬ್ ಚಪ್ಪಲಿ ಲ್ಯಾಬ್‌ನಲ್ಲೇ ಇರಬೇಕು. ಫೋನನ್ನು ಬೆಂಚಿನ ಮೇಲೆ ಇಡುವ ಹಾಗಿಲ್ಲ. ಲ್ಯಾಬ್ ಇದ್ದ ದಿನ ಮನೆಗೆ ಬಂದ ಕೂಡಲೇ ನೇರ ಬಚ್ಚಲಿಗೆ, ತಲೆಗೆ ಸ್ನಾನ, ಬಟ್ಟೆ ಬದಲು. ಅವತ್ತು ಹುಳು ಮನೆಗೆ ಪ್ರವೇಶ ಇಲ್ಲ. ರೋಗದ ಸ್ಯಾಂಪಲ್ ಬೇರೆ ಊರಿನದ್ದಾಗಿರಬೇಕು. ಮುಚ್ಚಳ ಬಿಗಿದ ಡಬ್ಬಿಯಲ್ಲಿ ಹಾಕಿ, ಅದರ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿ, ನಮ್ಮೂರಿಗೆ ತರದೆ ನೇರ ಕಾಲೇಜಿಗೆ ಒಯ್ಯಬೇಕು. ಹುಳು ಮನೆಗೆ ಹೋಗದ ದಿನ ನನ್ನ ಪಾಲಿಗೆ ಅಡುಗೆ, ಸೊಪ್ಪು ಕಡಿಯುವ ಕೆಲಸ. ಅಮ್ಮ ಇದಕ್ಕೆ ಒಪ್ಪಿದ್ದರಿಂದಲೇ ಉಳಿದದ್ದೆಲ್ಲ ಆಯಿತು. ನನ್ನ ಲ್ಯಾಬ್‌ನ ಹೊತ್ತನ್ನು ನಿಜವಾಗಿ ಕೊಟ್ಟವರು ಅಮ್ಮ.

ಮಾರ್ಕ್ಸ್ ವಿಷಯ. ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ನಾನು ಎಂ.ಎಸ್ಸಿಗೆ ನಮ್ಮ ರಾಜ್ಯದ ವಿಶ್ವವಿದ್ಯಾಲಯಕ್ಕೇ ಹೋಗುವುದು ಅಂತ ಅಂದುಕೊಂಡಿದ್ದೆ. ಅದಕ್ಕೆ ಒಟ್ಟು ಮಾರ್ಕ್ಸ್ ತೀರಾ ಬೀಳಬಾರದು, ಅಷ್ಟೇ. ಆದರೆ ಎಂ.ಎಸ್ಸಿ ಪ್ರವೇಶಕ್ಕೆ ಐಐಟಿಗಳು ನಡೆಸುವ ಜ್ಯಾಮ್ ಪರೀಕ್ಷೆ ಬರೆಯುವ ಆಸೆ ಇದ್ದವರ ಲೆಕ್ಕ ಬೇರೆ. ಆ ಪರೀಕ್ಷೆ ಫೆಬ್ರುವರಿಯಲ್ಲಿ. ಕೊನೆಯ ವರ್ಷದ ಲ್ಯಾಬ್ ಕೆಲಸ ಬಿರುಸಾಗುವ ಹೊತ್ತೂ ಅದೇ. ನನ್ನ ಗೆಳತಿಯೊಬ್ಬಳು ಗುಡಿಬಂಡೆ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಸಂಜೆ ಊರಿನ ಮಕ್ಕಳಿಗೆ ಟ್ಯೂಷನ್ ಹೇಳಿ ತನ್ನ ಫೀಸು ತಾನೇ ಕಟ್ಟುತ್ತಿದ್ದಳು. ಜ್ಯಾಮ್‌ಗೂ ಓದುತ್ತಿದ್ದಳು. ನನಗಿಂತ ಚುರುಕು, ಕೈ ಶುದ್ಧ, ಸ್ಟ್ರೀಕ್ ಮಾಡಿದರೆ (ಪ್ಲೇಟಿನ ಮೇಲೆ ಗೆರೆ ಎಳೆದು ಬ್ಯಾಕ್ಟೀರಿಯಾ ಹರಡಿದರೆ) ಪ್ಲೇಟು ನೋಡುವ ಹಾಗಿರುತ್ತಿತ್ತು. ಅವಳು ಥಿಯರಿ ಪೇಪರ್ ತೆಗೆದುಕೊಂಡಳು. ಅವಳ ತೀರ್ಮಾನ ಸರಿಯಾಗಿತ್ತು. ಭಾನುವಾರ ಬಂದು ಪ್ಲೇಟು ನೋಡುವ ಹೊತ್ತು ಅವಳ ಹತ್ತಿರ ಇರಲಿಲ್ಲ. ಅದಕ್ಕೂ ಅವಳ ಬುದ್ಧಿಗೂ ಸಂಬಂಧವಿಲ್ಲ. ಈ ಲ್ಯಾಬ್ ತಗೊಂಡವರೇ ಜಾಣರು ಅನ್ನುವ ಮಾತು ಎಲ್ಲಾದರೂ ಕೇಳಿದರೆ ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ.

ದುಡ್ಡಿನ ವಿಷಯವನ್ನೂ ಕೇಳಬೇಕು. ಮೀಡಿಯಾ, ಪ್ಲೇಟು ಕಾಲೇಜಿನದ್ದೇ ಇರುತ್ತದೆ. ಆದರೆ ಬ್ಯಾಕ್ಟೀರಿಯಾ ಯಾವುದು ಅಂತ ಖಚಿತವಾಗಿ ಹೇಳಬೇಕಾದರೆ ಅದರ 16ಎಸ್ ಜೀನನ್ನು ಓದಿಸಬೇಕು. ಅದು ಸುಮಾರು 1500 ಅಕ್ಷರಗಳ ಉದ್ದದ ಡಿಎನ್ಎ ತುಂಡು. ಅದಕ್ಕೆ ಸ್ಯಾಂಪಲ್ ಬೆಂಗಳೂರಿಗೆ ಕಳಿಸಬೇಕು. ಅದರ ಖರ್ಚು ಡಿಪಾರ್ಟ್‌ಮೆಂಟಿನದ್ದಾ, ನಮ್ಮದಾ? ನಾನು ಕೇಳಿಯೇ ಸೇರಿದ್ದೆ. ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೆರಡು ಸ್ಯಾಂಪಲ್‌ಗೆ ಮಾತ್ರ ಡಿಪಾರ್ಟ್‌ಮೆಂಟ್ ಕೊಡುತ್ತಿತ್ತು. ಅಷ್ಟೇ ಸಾಕಾಯಿತು.

ಇನ್ನು ಕೆಲಸ ಹೇಗಿತ್ತು ಅಂತ ಹೇಳಬೇಕು. ಅದು ಗೊತ್ತಿಲ್ಲದೆ ಹೊತ್ತಿನ ಲೆಕ್ಕ ಹಾಕಲು ಆಗುವುದಿಲ್ಲ. ಹುಳುವನ್ನು ಮೊದಲು ಫ್ರಿಜ್‌ನಲ್ಲಿ ಇಟ್ಟು ಮರಗಟ್ಟಿಸಬೇಕು. ಮೈಯನ್ನು ಆಲ್ಕೋಹಾಲ್‌ನಿಂದ ಒರೆಸಿ, ಸಣ್ಣ ಕತ್ತರಿಯಲ್ಲಿ ಸೀಳಿ, ಕರುಳನ್ನು ಹರಿಯದ ಹಾಗೆ ತೆಗೆಯಬೇಕು. ಹುಳುವಿನ ಮೈಯಲ್ಲಿ ಕರುಳೇ ದೊಡ್ಡದು, ಸೊಪ್ಪು ತುಂಬಿ ಹಸಿರಾಗಿರುತ್ತದೆ. ಹರಿದರೆ ಎಲ್ಲಾ ಬೆರೆತುಹೋಗುತ್ತದೆ. ಅದನ್ನು ಶೇ. 0.85ರ ಉಪ್ಪು ನೀರಿನಲ್ಲಿ ಅರೆದು, ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ಅಂತ ತೆಳ್ಳಗೆ ಮಾಡುತ್ತಾ ಹೋಗಿ ಪ್ಲೇಟಿಗೆ ಹಚ್ಚಬೇಕು. 30ರಿಂದ 300 ಕಾಲೊನಿ ಬಂದ ಪ್ಲೇಟನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇದು ಒಂದು ಮಧ್ಯಾಹ್ನದ ಕೆಲಸ. ಆಮೇಲೆ ಬೇರೆ ಬೇರೆ ಥರ ಕಾಣುವ ಕಾಲೊನಿಗಳನ್ನು ಒಂದೊಂದಾಗಿ ಎತ್ತಿ ಮತ್ತೆ ಮತ್ತೆ ಸ್ಟ್ರೀಕ್ ಮಾಡಿ ಶುದ್ಧ ಮಾಡಬೇಕು. ಒಂದು ಸುತ್ತಿಗೆ ಒಂದು ರಾತ್ರಿ. ವಾರಗಳು ಕಳೆಯುವುದು ಇಲ್ಲೇ.

ನನಗೆ ತುಂಬಾ ಖುಷಿ ಕೊಟ್ಟ ಘಟ್ಟ ಒಂದಿದೆ. ಶುರುವಿನಲ್ಲಿ ಚೆನ್ನಾಗಿರುವ ಹುಳುವಿನಿಂದ ಬಹಳ ಕಡಿಮೆ ಕಾಲೊನಿ ಬರುತ್ತಿತ್ತು. ಯಾಕೆ ಅಂತ ಹುಡುಕುತ್ತಾ ಹೋದಾಗ ಗೊತ್ತಾಯಿತು, ರೇಷ್ಮೆ ಹುಳುವಿನ ಕರುಳು ತುಂಬಾ ಕ್ಷಾರ. ಅದರ ಪಿಎಚ್ 10ರ ಹತ್ತಿರ ಇರುತ್ತದೆ. ನಾವು ಬಳಸುವ ಮಾಮೂಲಿ ಅಗಾರ್‌ನ (ಪ್ಲೇಟಿನಲ್ಲಿ ಗಟ್ಟಿಯಾಗುವ ಮೀಡಿಯಾದ) ಪಿಎಚ್ 7. ಬಟ್ಟೆ ಒಗೆಯುವ ಸೋಡಾದಂಥ ಜಾಗದಲ್ಲಿ ಬದುಕಿದ್ದನ್ನು ತಂದು ಸಪ್ಪೆ ನೀರಿನಲ್ಲಿ ಬಿಟ್ಟ ಹಾಗೆ. ಸೋಡಿಯಂ ಕಾರ್ಬೊನೇಟ್ ದ್ರಾವಣವನ್ನು ಬೇರೆಯಾಗಿ ಆಟೋಕ್ಲೇವ್ ಮಾಡಿ, ಅಗಾರ್ ಸ್ವಲ್ಪ ಆರಿದ ಮೇಲೆ ಬೆರೆಸಿ ಕ್ಷಾರದ ಪ್ಲೇಟು ಮಾಡಿದೆ. ಒಟ್ಟಿಗೆ ಕುದಿಸಿದರೆ ಅಗಾರ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಆ ಪ್ಲೇಟಿನಲ್ಲಿ ಮೊದಲು ಕಾಣದ ಕಾಲೊನಿಗಳು ಕಂಡವು. ಅದನ್ನು ಮೊದಲು ನೋಡಿದವಳು ನಾನು. ಅಂಥದ್ದನ್ನು ಮ್ಯಾನ್ಯುಯಲ್ ನೋಡಿ ಮಾಡಿದ ಯಾವ ಪ್ರಾಕ್ಟಿಕಲ್ಲೂ ಕೊಟ್ಟಿರಲಿಲ್ಲ.

ಕೊನೆಗೆ ಸಿಕ್ಕಿದ್ದೇನು? ದುಂಡಗಿನ, ಗ್ರಾಂ ಪಾಸಿಟಿವ್ (ಗ್ರಾಂ ಬಣ್ಣ ಹಾಕಿದರೆ ನೇರಳೆಯಾಗಿ ಕಾಣುವ), ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಗುಳ್ಳೆ ಬರದ, ಶೇ. 6.5ರ ಉಪ್ಪಿನಲ್ಲೂ ಬೆಳೆಯುವ ಬ್ಯಾಕ್ಟೀರಿಯಾ. ಅದು ಎಂಟೆರೋಕಾಕಸ್ ಗುಂಪಿನದ್ದು ಅಂತ ಓದಿಸಿದ 16ಎಸ್ ಸೀಕ್ವೆನ್ಸ್ ಕೂಡ ಹೇಳಿತು. ರೋಗದ ಹುಳುವಿನಲ್ಲಿ ಅದು ಜಾಸ್ತಿ. ಆದರೆ ಚೆನ್ನಾಗಿರುವ ಹುಳುವಿನಲ್ಲೂ ಇತ್ತು. ರೋಗಕ್ಕೆ ಇದೇ ಕಾರಣ ಅಂತ ಹೇಳಬೇಕಾದರೆ ರಾಬರ್ಟ್ ಕಾಕ್ ಹಾಕಿಕೊಟ್ಟ ದಾರಿಯಲ್ಲಿ ಆರೋಗ್ಯವಾಗಿರುವ ಹುಳುವಿಗೆ ಅದನ್ನು ತಿನ್ನಿಸಿ, ರೋಗ ಬರಿಸಿ, ಮತ್ತೆ ಅದನ್ನೇ ಹೊರತೆಗೆದು ತೋರಿಸಬೇಕು. ಅದಕ್ಕೆ ಬೇರೆ ಕೋಣೆ, ಬೇರೆ ಹುಳು ಬೇಕು. ನಮ್ಮಲ್ಲಿ ಅದಕ್ಕೆ ಅನುಕೂಲ ಇರಲಿಲ್ಲ. ಅದೂ ಅಲ್ಲದೆ ಸಪ್ಪೆ ರೋಗದಲ್ಲಿ ವೈರಸ್‌ಗಳ ಪಾತ್ರವೂ ಇರುತ್ತದೆ. ಅವು ಅಗಾರ್ ಪ್ಲೇಟಿನಲ್ಲಿ ಬೆಳೆಯುವುದೇ ಇಲ್ಲ. ಹಾಗಾಗಿ ರಿಪೋರ್ಟಿನಲ್ಲಿ "ಕಾರಣ ಇದೇ ಅಂತ ಹೇಳಲಾಗದು" ಅಂತಲೇ ಬರೆದೆ. ಆ ಸಾಲಿಗೆ ನನಗೆ ಮಾರ್ಕ್ಸ್ ಕಡಿಮೆ ಆಗಲಿಲ್ಲ.

ಅಪ್ಪನಿಗೆ ಇದನ್ನು ಹೇಳಿದಾಗ ಅವರು ಒಂದೇ ಮಾತು ಕೇಳಿದರು: "ಹಂಗಾದ್ರೆ ಚೆನ್ನಾಗಿರೋ ಹುಳದಲ್ಲೂ ಇದ್ದದ್ದು ಯಾವಾಗ ಕೆಣಕುತ್ತೆ?" ಸೆಕೆ ಜಾಸ್ತಿಯಾದಾಗ, ಗಾಳಿ ಆಡದಿದ್ದಾಗ, ಒದ್ದೆ ಸೊಪ್ಪು ಹಾಕಿದಾಗ, ತಟ್ಟೆಯಲ್ಲಿ ಹುಳು ಕಿಕ್ಕಿರಿದಾಗ ಹುಳು ಸೋಲುತ್ತದೆ. ಆಗ ಇವು ಹೆಚ್ಚುತ್ತವೆ ಅಂತ ರೇಷ್ಮೆ ವಿಜ್ಞಾನಿಗಳು ಹೇಳುತ್ತಾರೆ. ಅದೇ ಬೇಸಿಗೆಗೆ ಅಪ್ಪ ಹುಳು ಮನೆಯ ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ, ಕಿಟಕಿಗೆ ಒದ್ದೆ ಗೋಣಿ ಕಟ್ಟಿದರು. ಹುಳುವಿಗೆ ಜಾಗ ಜಾಸ್ತಿ ಕೊಟ್ಟರು. ಇದೆಲ್ಲ ರೇಷ್ಮೆ ಇಲಾಖೆಯವರು ಮೊದಲಿಂದ ಹೇಳಿಕೊಂಡು ಬಂದಿದ್ದೇ. ಆದರೆ ಮಗಳ ಪ್ಲೇಟಿನಲ್ಲಿ ಕಂಡ ಮೇಲೆ ಅವರಿಗೆ ಅದು ಹತ್ತಿರದ ವಿಷಯವಾಯಿತು.

ಎಂ.ಎಸ್ಸಿ ನಡುವೆ ನಾನು ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಸೇರಿ ಮೂರು ಅಕಾಡೆಮಿಗಳು ಒಟ್ಟಿಗೆ ನಡೆಸುವ ಕಾರ್ಯಕ್ರಮ ಅದು. ಆಯ್ಕೆಯಾದವರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಹತ್ತಿರ ಕೆಲಸ ಮಾಡಬಹುದು. ಯಾವ ವಿಷಯದಲ್ಲಿ ಕೆಲಸ ಮಾಡಬೇಕು, ಯಾಕೆ ಅಂತ ಬರೆಯಬೇಕಿತ್ತು. ನನಗೆ ಬರೆಯಲು ವಿಷಯ ಹುಡುಕಬೇಕಾಗಲಿಲ್ಲ. ಕ್ಷಾರದ ಪ್ಲೇಟಿನ ಬಗ್ಗೆಯೇ ಬರೆದೆ. ಈಗ ಕೆಲಸಕ್ಕೆ ಇಂಟರ್ವ್ಯೂ ಆದಾಗಲೂ ಅರ್ಧ ಹೊತ್ತು ಮಾತಾಡಿದ್ದು ಅದರ ಬಗ್ಗೆಯೇ. ಮಾರ್ಕ್ಸ್ ಕಾರ್ಡು ಮೇಜಿನ ಮೇಲಿತ್ತು, ಆದರೆ ಹಳೇ ನೋಟ್‌ಬುಕ್ ತೋರಿಸಲು ಹೇಳಿದರು.

ಈ ಜೂನ್‌ನಲ್ಲಿ ಫಾರ್ಮ್ ತುಂಬಬೇಕಾದವರಿಗೆ ಇನ್ನೊಂದು ಮಾತು. ಮೇಡಂ, ಸರ್‌ಗಳನ್ನು ಕೇಳಿದ ಮೇಲೆ ಲ್ಯಾಬ್‌ನ ಅಟೆಂಡರ್ ಅಣ್ಣನನ್ನೂ ಕೇಳಿ. ಭಾನುವಾರ ಬೀಗ ಯಾರ ಹತ್ತಿರ ಇರುತ್ತದೆ? ಕರೆಂಟ್ ಹೋದರೆ ಇನ್‌ಕ್ಯುಬೇಟರಿಗೆ ಬ್ಯಾಕಪ್ ಇದೆಯಾ? ಫ್ರಿಜ್‌ನಲ್ಲಿ ನಿಮಗೆ ಅಂತ ಒಂದು ತಟ್ಟೆ ಜಾಗ ಸಿಗುತ್ತದಾ? ಹೋದ ವರ್ಷ ಎಷ್ಟು ಜನ ಸೇರಿ ಎಷ್ಟು ಜನ ನಡುವೆ ಬಿಟ್ಟರು? ಅವರು ನಿಜ ಹೇಳುತ್ತಾರೆ. ಆಮೇಲೆ ಆ ಉತ್ತರಗಳನ್ನು ತಗೊಂಡು ಮನೆಗೆ ಹೋಗಿ ಅಮ್ಮನ ಜೊತೆ ಕೂತು ಕ್ಯಾಲೆಂಡರ್ ನೋಡಿ. ಹುಳು ಮನೆಯವರಾದರೆ ಬರುವಾಗ ಚಾಕಿ ತರುವ ತಾರೀಖುಗಳನ್ನು ಬರೆದುಕೊಂಡು ಬನ್ನಿ, ನಾನೇ ಜೊತೆ ಕೂತು ಲೆಕ್ಕ ಹಾಕಿಕೊಡುತ್ತೇನೆ.